ಅಂಜಿನಯ್ಯನವರ ಬೈ ಟು ಲೆಕ್ಕ

ವಿಜಯನಗರದ ಮಾರುತಿ ಮಂದಿರದಿಂದ ಕೂಗಳತೆಯಲ್ಲಿರುವ ದರ್ಶಿನಿಯೊಂದರಲ್ಲಿ ಅಂಜಿನಯ್ಯನವರು ಇಪ್ಪತ್ತೇಳು ವರ್ಷದಿಂದ ಕಾಫಿ ಮಾಸ್ಟರು. ಹೋಟೆಲು ಚನ್ನವೀರೇಶ್ ಅವರದು. ಲೈಸೆನ್ಸ್ ಅವರ ಹೆಸರಲ್ಲಿದೆ, ಗಲ್ಲಾದಲ್ಲಿ ಕೂರುವವರು ಅವರು, ಗೋಡೆಯ ಫೋಟೋದಲ್ಲಿ ಗಂಧದ ಹಾರ ಹಾಕಿಕೊಂಡಿರುವವರೂ ಅವರ ತಂದೆಯೇ. ಆದರೆ ಹೋಟೆಲು ನಡೀತಿರೋದು ಯಾರಿಂದ ಅಂತ ಅಂಜಿನಯ್ಯನವರನ್ನು ಕೇಳಿ ನೋಡಿ. ಹೆಗಲ ಮೇಲಿನ ಟವಲನ್ನು ಒಂದು ಸಲ ಸರಿಮಾಡಿಕೊಂಡು, "ಇಡ್ಲಿ ಎಲ್ಲಾ ಕಡೆ ಸಿಗತ್ತೆ ಸಾರ್," ಅನ್ನುತ್ತಾರೆ. ಅಷ್ಟೇ. ಮಿಕ್ಕಿದ್ದನ್ನು ನೀವೇ ಅರ್ಥ ಮಾಡಿಕೊಳ್ಳಬೇಕು.

ತಾವು ರಜ ಹಾಕಿದ ದಿನ ಗಿರಾಕಿಗಳು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಮುಖ ಹುಳ್ಳಗೆ ಮಾಡಿಕೊಂಡು ಹೊರಟುಬಿಡುತ್ತಾರೆ ಎಂಬುದು ಅವರ ಬಲವಾದ ನಂಬಿಕೆ. ರಜ ಹಾಕಿದ ದಿನ ಅವರು ಅಲ್ಲಿರುವುದಿಲ್ಲವಾದ್ದರಿಂದ ಈ ನಂಬಿಕೆಗೆ ಇದುವರೆಗೂ ಧಕ್ಕೆ ಬಂದಿಲ್ಲ. ಯಾರಾದರೂ "ಸ್ವಲ್ಪ ಲೈಟಾಗಿ ಕೊಡಿ" ಅಂದರೆ, "ಯಾಕ್ ಸಾರ್, ಮೈ ಹುಷಾರಿಲ್ವಾ?" ಅಂತ ಕೇಳುತ್ತಾರೆ. ಕೇಳುವುದು ಕಾಳಜಿಯಿಂದಲೇ. ಆದರೆ ಮಾರನೇ ದಿನದಿಂದ ಆ ಗಿರಾಕಿ ಮರ್ಯಾದೆಗೆ ಅಂಜಿ ಸ್ಟ್ರಾಂಗೇ ಕುಡಿಯುತ್ತಾನೆ.

ಅವರ ನಿಜವಾದ ಕೀರ್ತಿ ಇರುವುದು ಬೈ ಟುನಲ್ಲಿ. ಬೈ ಟು ಅಂದರೆ ಏನು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ: ಒಂದು ಕಾಫಿ, ಎರಡು ಲೋಟ, ಇಬ್ಬರು. ಬೇರೆ ಕಡೆ ಅದು ಲೆಕ್ಕಕ್ಕೆ ಸರಿಯಾಗಿ ಅರ್ಧರ್ಧ ಬರುತ್ತದೆ. ಅಂಜಿನಯ್ಯನವರ ಕೈಯಲ್ಲಿ ಮಾತ್ರ ಅದು ಅರ್ಧಕ್ಕೆ ನಿಲ್ಲುವುದೇ ಇಲ್ಲ. ಡಿಕಾಕ್ಷನ್ ಹಾಕುವ ಸಣ್ಣ ಸ್ಟೀಲ್ ಅಳತೆ ಒಂದು ಸಲ ಬಗ್ಗುತ್ತದೆ, ಮತ್ತೆ ತಾನಾಗಿ ಇನ್ನೊಂದು ಸಲ ಬಗ್ಗುತ್ತದೆ, ಮೇಲಿಂದ ಹಾಲು, ಅದರ ಮೇಲೆ ನೊರೆ. "ಅರ್ಧ ಲೋಟ ಕೊಡೋಕೆ ನನ್ ಕೈ ಬರಲ್ಲ ಸಾರ್. ನನ್ ಬೈ ಟುನಲ್ಲಿ ಇವತ್ತಿನವರೆಗೂ ಯಾವನಿಗೂ ಅರ್ಧ ಸಿಕ್ಕಿಲ್ಲ." ಆಟೋದವರು ನಾಗರಬಾವಿಯಿಂದ ಖಾಲಿ ಗಾಡಿ ಓಡಿಸಿಕೊಂಡು ಬರುವುದು ಇದಕ್ಕೇ. ಚನ್ನವೀರೇಶ್ ಇದನ್ನು ಇಪ್ಪತ್ತೇಳು ವರ್ಷದಿಂದ ನೋಡುತ್ತಾ, ನೋಡದವರ ಹಾಗೆ ಇದ್ದಾರೆ.

ಇಂಥ ಅಂಜಿನಯ್ಯನವರಿಗೆ ಒಬ್ಬಳೇ ಮಗಳು, ಧನ್ಯಶ್ರೀ. ಜ್ಞಾನಭಾರತಿಯ ಕಡೆ ಒಂದು ಆಫೀಸಿನಲ್ಲಿ ಟೈಪಿಸ್ಟು. ಉಲ್ಲಾಳದ ಹಳೇ ಒಕ್ಕಲು ಮನೆತನದ ಭೈರೇಶನಿಗೆ ಕೊಟ್ಟು ಮದುವೆಯಾಗಿ ಆರು ವರ್ಷ. ಆರು ವರ್ಷದಲ್ಲಿ ಹರಕೆ, ಟ್ಯಾಬ್ಲೆಟ್ಟು, ನೆಂಟರ ಸಲಹೆ ಎಲ್ಲವನ್ನೂ ನುಂಗಿ ಮುಗಿಸಿದ ಮೇಲೆ ಈಗ ಬಸುರಿ. ಐದನೇ ತಿಂಗಳಿಗೇ, ಹೆರಿಗೆ, ಬಾಣಂತನಕ್ಕೆ ಅಂತ ನಾಯಂಡಹಳ್ಳಿಯ ತವರಿಗೆ ಬಂದಿದ್ದಳು. ಮನೆ ಗೋಡೌನುಗಳ ಹಿಂದಿನ ಬೀದಿಯಲ್ಲಿ, ಮೆಟ್ರೋ ಹತ್ತಿರ. ರಜ ಸಿಗುವವರೆಗೂ ಅಲ್ಲಿಂದಲೇ ಆಫೀಸಿಗೆ ಹೋಗಿಬರುತ್ತಿದ್ದಳು.

ಮೂರನೇ ತಿಂಗಳಲ್ಲೇ ಬಸವೇಶ್ವರನಗರದ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಹೇಳಿದ್ದರು: "ಕಾಫಿ ದಿನಕ್ಕೆ ಎರಡರ ಮೇಲೆ ಬೇಡ." ಧನ್ಯಶ್ರೀ ಮಾತು ಮೀರುವ ಹುಡುಗಿಯಲ್ಲ. ಅವತ್ತಿನಿಂದ ಎರಡೇ. ತವರಿಗೆ ಬಂದ ಮೇಲೆ, ಬೆಳಿಗ್ಗೆ ಅಪ್ಪ ಡಿಕಾಕ್ಷನ್ ಇಳಿಸಿಟ್ಟು ಹೋಗಿರುತ್ತಿದ್ದರು, ಅದರಲ್ಲಿ ಅಮ್ಮನ ಜೊತೆ ಬೈ ಟು. ಹನ್ನೊಂದಕ್ಕೆ ಆಫೀಸಿನಲ್ಲಿ ಗೆಳತಿ ಚೈತ್ರಳ ಜೊತೆ ಬೈ ಟು. ಮೂರೂವರೆಗೆ ಮತ್ತೆ ಬೈ ಟು. ಸಂಜೆ ಅಪ್ಪ ಫ್ಲಾಸ್ಕಿನಲ್ಲಿ ಹೋಟೆಲಿನ ಕಾಫಿ ತರುತ್ತಿದ್ದರು, ಅದರಲ್ಲಿ ಇನ್ನೊಂದು ಬೈ ಟು. ನಾಲ್ಕು ಅರ್ಧ ಸೇರಿದರೆ ಎರಡು. ಈ ಲೆಕ್ಕದಲ್ಲಿ ತಪ್ಪು ಹುಡುಕಲು ಬೆಂಗಳೂರಿನ ಯಾವ ಮೇಷ್ಟರಿಗೂ ಸಾಧ್ಯವಿಲ್ಲ.

ಏಳನೇ ತಿಂಗಳ ಸ್ಕ್ಯಾನಿಂಗಿಗೆ ಭೈರೇಶ ತನ್ನ ಹಾರ್ಡ್‌ವೇರ್ ಅಂಗಡಿಗೆ ಪೈಪಿನ ಲೋಡು ಬಂತು ಅಂತ ಸಿಕ್ಕಿಹಾಕಿಕೊಂಡ. ಅಂಜಿನಯ್ಯನವರೇ ಹೊರಟರು. ಬಿಳಿ ಶರಟು ಇಸ್ತ್ರಿ ಮಾಡಿಸಿಕೊಂಡು, ಕೈಗೆ ಗಡಿಯಾರ ಕಟ್ಟಿಕೊಂಡು, ರಿಸೆಪ್ಷನ್ ಮುಂದೆ ನಿಂತು, "ಮಾರುತಿ ಮಂದಿರದ ಕಾಫಿ ಮಾಸ್ಟರ್ ಬಂದಿದಾರೆ ಅಂತ ಒಂದ್ ಮಾತು ತಿಳಿಸಿಬಿಡಿ," ಅಂದರು.

"ಪೇಷಂಟ್ ಹೆಸರು ಹೇಳಿ ಅಂಕಲ್," ಅಂದಳು ರಿಸೆಪ್ಷನ್ ಹುಡುಗಿ.

ಒಳಗೆ ಡಾಕ್ಟರಮ್ಮ ಸ್ಕ್ಯಾನಿಂಗ್ ರಿಪೋರ್ಟನ್ನು ಎರಡು ಸಲ ನೋಡಿದರು. ಎರಡನೇ ಸಲ ನೋಡಿದಾಗಲೇ ಧನ್ಯಶ್ರೀಯ ಮುಖ ಸಣ್ಣಗಾಯಿತು.

"ಮಗು ಚೆನ್ನಾಗಿದೆ. ಆದ್ರೆ ತೂಕ ಹಿಂದಿದೆ ಕಣಮ್ಮ. ಈ ಹೊತ್ತಿಗೆ ಹೆಚ್ಚೂಕಮ್ಮಿ ಒಂದೂವರೆ ಕೆಜಿ ಇರ್ಬೇಕಿತ್ತು. ಒಂದು ಇನ್ನೂರಿದೆ. ನಿನ್ ರಕ್ತಾನೂ ಕಮ್ಮಿ ಆಗಿದೆ. ಐರನ್ ಮಾತ್ರೆ ತಗೋತಿದೀಯಾ?"

"ಒಂದಿನಾನೂ ಬಿಟ್ಟಿಲ್ಲ ಮೇಡಂ. ಬೆಳಿಗ್ಗೆ ಕಾಫಿ ಜೊತೆ ತಪ್ಪದೆ ತಗೋತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕಾಫಿ ಜೊತೇನಾ? ಹಾಗಿದ್ರೆ ಅದು ಮೈಗೆ ಹತ್ತೋದು ಅಷ್ಟಕ್ಕಷ್ಟೆ. ಮಾತ್ರೆಗೂ ಕಾಫಿ, ಟೀಗೂ ಎರಡು ಗಂಟೆ ದೂರ ಇರ್ಬೇಕು. ನಿಂಬೆಹಣ್ಣಿನ ನೀರಲ್ಲಿ ತಗೋ. ಸರಿ, ದಿನಕ್ಕೆ ಎಷ್ಟು ಕಾಫಿ?"

"ಎರಡೇ ಮೇಡಂ. ನೀವ್ ಹೇಳಿದ್ ಹಾಗೆ. ನಾಲ್ಕು ಬೈ ಟು."

"ನಾಲ್ಕು ಬೈ ಟು," ಅಂತ ಡಾಕ್ಟರಮ್ಮ ನಿಧಾನವಾಗಿ ಹೇಳಿಕೊಂಡರು. ಅವರೂ ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವರು. "ಯಾವ್ ಹೋಟೆಲ್ ಬೈ ಟು?"

ಅಂಜಿನಯ್ಯನವರು ಇಷ್ಟು ಹೊತ್ತು ಕಾದಿದ್ದ ಪ್ರಶ್ನೆ ಕೊನೆಗೂ ಬಂತು. ಕುರ್ಚಿಯ ತುದಿಗೆ ಜರುಗಿದರು. "ಬೆಳಿಗ್ಗೆದು, ಸಂಜೆದು ನಮ್ದೇ ಮೇಡಂ! ಬೇರೆಯವರ ಹಾಗಲ್ಲ. ನಮ್ ಬೈ ಟುನಲ್ಲಿ ಪೂರ್ತಿ ಲೋಟಾನೇ ಬರತ್ತೆ. ಡಿಕಾಕ್ಷನ್ ಎರಡು ಅಳತೆ. ಅದರಲ್ಲೂ ಮಗಳು ಬಸುರಿ ಅಂತ ಒಂದ್ ಚೂರು ಗಟ್ಟಿಯಾಗೇ ಹಾಕ್ತೀನಿ. ಮಗು ಚುರುಕಾಗಿರ್ಲಿ ಅಂತ."

ಡಾಕ್ಟರಮ್ಮ ರಿಪೋರ್ಟನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ಅಂದ್ರೆ ಅರ್ಧ ಅಂತ ಇವಳು ಕುಡಿದಿದ್ದು ಅರ್ಧ ಅಲ್ಲ," ಅಂದರು ಡಾಕ್ಟರಮ್ಮ. "ಟೀ ಏನಾದ್ರೂ?"

"ಮಧ್ಯಾಹ್ನ ಊಟ ಆದ್ಮೇಲೆ ಒಂದು. ಅದು ಕಾಫಿ ಅಲ್ವಲ್ಲ ಮೇಡಂ?" ಅಂದಳು ಧನ್ಯಶ್ರೀ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅಂಜಿನಯ್ಯನವರಿಗೆ ವಾಸಿಯಿತ್ತು. ಅವರು ಒಂದು ಹಾಳೆ ತೆಗೆದುಕೊಂಡು ಬಿಡಿಸಿ ಹೇಳಿದರು. ಕಾಫಿಯಲ್ಲಿರುವ ಕೆಫೀನು ಟೀಯಲ್ಲೂ ಇರುತ್ತದೆ, ಕೋಲಾದಲ್ಲೂ ಇರುತ್ತದೆ. ತಾಯಿ ಕುಡಿದದ್ದು ಮಗುವಿಗೂ ಹೋಗುತ್ತದೆ. ಅದನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ತಾಯಿಗಿದೆ. ಬಸುರಿನಲ್ಲಿ ಅದೂ ನಿಧಾನ. ಮಗುವಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ದಿನಕ್ಕೆ ಇನ್ನೂರು ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಜಾಸ್ತಿಯಾದರೆ ಮಗು ಸಣ್ಣಗೆ ಹುಟ್ಟುವ ಸಾಧ್ಯತೆ ಹೆಚ್ಚು. "ತೂಕ ಕಮ್ಮಿ ಆಗಿರೋದಕ್ಕೆ ಕಾಫಿ ಒಂದೇ ಕಾರಣ ಅಂತ ನಾನು ಹೇಳಲ್ಲ. ಬೇರೆ ಏನೇನೋ ಇರ್ಬಹುದು, ಎಲ್ಲಾ ನೋಡ್ತೀನಿ. ಆದ್ರೆ ನಿಮ್ ಕೈಯಲ್ಲಿರೋದು ಇದು. ಮೂರು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ. ಬೆಳೀತಿದ್ರೆ ಸರಿ. ಇಲ್ಲಾಂದ್ರೆ ಮಗೂನ ದಿನ ತುಂಬೋ ಮುಂಚೆ ಆಚೆ ತೆಗೀಬೇಕಾಗ್ಬಹುದು."

ಅಂಜಿನಯ್ಯನವರು ನಾಯಂಡಹಳ್ಳಿಗೆ ಆಟೋ ಹಿಡಿದರು. ಆಟೋದವನು ಕನ್ನಡಿಯಲ್ಲಿ ನೋಡಿ ಗುರುತು ಹಿಡಿದು, "ಮಾಸ್ಟ್ರೇ, ನಿಮ್ ಬೈ ಟು ಇಲ್ದೆ ನನ್ ಗಾಡಿ ಸ್ಟಾರ್ಟೇ ಆಗಲ್ಲ ಗುರುವೇ," ಅಂದ. ಜೀವನದಲ್ಲಿ ಮೊದಲ ಸಲ ಅವರಿಗೆ ಆ ಮಾತು ಕಿವಿಗೆ ಹಿತವಾಗಲಿಲ್ಲ.

ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ವರಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟರು. "ಇಡೀ ವಿಜಯನಗರಕ್ಕೆ ಕುಡಿಸಿದ್ದು ಸಾಲ್ದು ಅಂತ ಹೊಟ್ಟೇಲಿರೋ ಕೂಸಿಗೂ ಕುಡಿಸಿದ್ರಾ?"

"ಬೆಳಿಗ್ಗೆ ಹಾಲು ಕಾಯಿಸಿ ಕೊಡ್ತಿದ್ದೋಳು ನೀನೇ ಅಲ್ವೇನೇ?"

"ನಾನು ಹಾಲು ಕಾಯಿಸಿದ್ದು. ಡಿಕಾಕ್ಷನ್ ಇಳಿಸಿಟ್ಟೋರು ಯಾರು?"

ಅಂಜಿನಯ್ಯನವರು ಅಡುಗೆಮನೆಗೆ ಹೋಗಿ ಫಿಲ್ಟರನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ಹಿಂದೆ ಇಟ್ಟರು. ಆಮೇಲೆ ಘೋಷಣೆ ಮಾಡಿದರು: ಇನ್ನು ಮೂರು ವಾರ ಈ ಮನೆಯಲ್ಲಿ ಕಾಫಿ ಇಲ್ಲ. ಯಾರಿಗೂ ಇಲ್ಲ. ತಮಗೂ ಇಲ್ಲ.

"ಡಾಕ್ಟ್ರು ಪೂರ್ತಿ ಬಿಡು ಅಂದಿಲ್ಲ ಅಪ್ಪಾ," ಅಂದಳು ಧನ್ಯಶ್ರೀ. "ದಿನಕ್ಕೆ ಒಂದು ಸಣ್ಣದು ಕುಡಿಬಹುದು ಅಂದ್ರು."

"ಒಂದು ಸಣ್ಣದು ಅಂದ್ರೆ ಎಷ್ಟು? ಈ ಸಣ್ಣದು ದೊಡ್ಡದು ಅನ್ನೋದ್ರಲ್ಲೇ ಅಲ್ವೇನವ್ವಾ ಕೆಟ್ಟಿದ್ದು?"

ಕೊನೆಗೆ ರಾಜಿಯಾಯಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಲೋಟ, ಲೈಟು. ಮಾತ್ರೆ ಮಧ್ಯಾಹ್ನಕ್ಕೆ, ನಿಂಬೆಹಣ್ಣಿನ ನೀರಿನಲ್ಲಿ. ಫಿಲ್ಟರು ಅಟ್ಟದಿಂದ ಇಳಿಯಿತು. ಅದರ ಜೊತೆಗೆ ಅಂಜಿನಯ್ಯನವರು ಔಷಧದ ಬಾಟಲಿಯ ಮೇಲೆ ಬರುವ ಸಣ್ಣ ಪ್ಲಾಸ್ಟಿಕ್ ಮುಚ್ಚಳವನ್ನೂ ತಂದಿಟ್ಟರು. ಡಿಕಾಕ್ಷನ್ ಇನ್ನು ಆ ಮುಚ್ಚಳದ ಗೆರೆ ನೋಡಿಯೇ ಹಾಕಬೇಕು. ಇಪ್ಪತ್ತೇಳು ವರ್ಷ ಕಣ್ಣು ಮುಚ್ಚಿ ದಿನಕ್ಕೆ ಸಾವಿರ ಲೋಟ ಹುಯ್ದ ಕೈ, ಒಂದು ಮುಚ್ಚಳದ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿತು. ತಾವೇ ಮಾಡಿದ ಆ ಮೊದಲ ಲೈಟ್ ಕಾಫಿಯ ಬಣ್ಣ ನೋಡಿ ಅಂಜಿನಯ್ಯನವರು ಮುಖ ತಿರುಗಿಸಿಕೊಂಡರು. "ಇದನ್ನ ನಾನ್ ಮಾಡ್ದೆ ಅಂತ ಆಚೆ ಎಲ್ಲೂ ಹೇಳ್ಬೇಡಮ್ಮ," ಅಂದರು.

ಎರಡನೇ ದಿನ ಧನ್ಯಶ್ರೀಗೆ ತಲೆನೋವು ಶುರುವಾಯಿತು. ಮೂರನೇ ದಿನ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದಳು. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, ದಿಢೀರನೆ ಕಮ್ಮಿ ಮಾಡಿದರೆ ಹಾಗಾಗುತ್ತೆ, ನೀರು ಕುಡಿ, ಎರಡು ಮೂರು ದಿನದಲ್ಲಿ ಹೋಗುತ್ತೆ ಅಂದರು. ಸಂಜೆ ಅಪ್ಪ ಮನೆಗೆ ಬರುವಷ್ಟರಲ್ಲಿ ಅವಳು ಬಾಗಿಲ ಹತ್ತಿರವೇ ಕೂತಿದ್ದಳು.

"ಅಪ್ಪಾ, ಒಂದೇ ಒಂದು ಗುಟುಕು."

"ಇವತ್ತಿನದು ಆಯ್ತಲ್ಲಮ್ಮ."

"ಅದು ಕಾಫಿನಾ? ನೀನೇ ಹೇಳು ಅಪ್ಪಾ, ದೇವರ ಮೇಲೆ ಆಣೆ ಇಟ್ಟು ಹೇಳು. ಅದು ಕಾಫಿನಾ?"

ಅಂಜಿನಯ್ಯನವರು ಹನುಮಂತನ ಭಕ್ತರು. ಸುಳ್ಳು ಆಣೆ ಇಡುವ ಹಾಗಿಲ್ಲ. ಪರದೇಶದಿಂದ ಬಂದವರಿಗೆ, ಗಲ್ಲಾ ಮುಚ್ಚಿದ ಮೇಲೆ ಬಂದವರಿಗೆ, ಚಿಲ್ಲರೆ ಇಲ್ಲದವರಿಗೆ, ಯಾರಿಗೂ ಇಲ್ಲ ಅನ್ನದ ಮನುಷ್ಯ ತಮ್ಮ ಸ್ವಂತ ಮಗಳಿಗೆ ಇಲ್ಲ ಅಂದರು. ಅಂದು ತಿರುಗಿ ಬೀದಿಗೆ ನಡೆದರು. ಮೆಟ್ರೋ ಕಂಬದ ಪಕ್ಕ ಹತ್ತು ನಿಮಿಷ ನಿಂತು, ಹೋಗೋ ಬರೋ ಬಸ್ಸುಗಳ ಬೋರ್ಡು ಓದಿ ವಾಪಸ್ಸು ಬಂದರು.

ಆಗ ಧನ್ಯಶ್ರೀ ಇನ್ನೊಂದು ತೊಂದರೆ ಹೇಳಿದಳು. "ನೀನು ಒಳಗೆ ಬಂದ್ರೆ ಸಾಕು, ಮನೆಯೆಲ್ಲಾ ಘಮ್ ಅನ್ನತ್ತೆ ಅಪ್ಪಾ. ದೂರ ಕೂತ್ಕೋ. ನಿನ್ನ ನೋಡಿದ್ರೇ ಕುಡೀಬೇಕು ಅನ್ಸತ್ತೆ."

ಅವತ್ತಿನಿಂದ ಅಂಜಿನಯ್ಯನವರು ಹೋಟೆಲಿನಿಂದ ಬಂದ ಕೂಡಲೇ ಹಿತ್ತಲಿನ ನಲ್ಲಿಯ ಕೆಳಗೆ ಸ್ನಾನ ಮಾಡಿ, ಬಟ್ಟೆ ಅಲ್ಲೇ ನೆನೆಹಾಕಿ, ಬೇರೆ ಪಂಚೆ ಉಟ್ಟು ಒಳಗೆ ಬರತೊಡಗಿದರು. ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನಣ್ಣ, ದಿನಾ ಯಾರ ಮಣ್ಣಿಗೆ ಹೋಗ್ಬರ್ತಿದೀರಾ?" ಅಂತ ಕೇಳಿದರು. ಅಂಜಿನಯ್ಯನವರು ತ್ಯಾಗ ಮಾಡುವವರಿಗೆ ಲೋಕದ ಮಾತು ಕೇಳಿಸುವುದಿಲ್ಲ ಎಂಬ ಮುಖ ಮಾಡಿಕೊಂಡು ಸೋಪು ಹಚ್ಚಿದರು.

ತ್ಯಾಗ ಅನ್ನುವುದು ತಲೆಗೇರಿದರೆ ಕೌಂಟರಿಗೂ ಇಳಿಯುತ್ತದೆ. ಹೋಟೆಲಿನಲ್ಲಿ ಅವರ ಕಣ್ಣು ಈಗ ಲೋಟದ ಮೇಲಲ್ಲ, ಗಿರಾಕಿಗಳ ಹೊಟ್ಟೆಯ ಮೇಲೆ. ಬಸುರಿ ಹೆಂಗಸರು ಬಂದರೆ ಹಾಲಿನ ಪಾತ್ರೆ ಪಕ್ಕಕ್ಕಿಟ್ಟು, "ಎಷ್ಟನೇ ತಿಂಗಳಮ್ಮಾ? ಇವತ್ತಿಗೆ ಇದು ಎಷ್ಟನೇದು? ಐರನ್ ಮಾತ್ರೆ ಯಾವಾಗ ತಗೋತೀಯಾ?" ಅಂತ ಶುರು. ಇಬ್ಬರು ಮೂವರು ಹೌದು ಅಂಕಲ್, ಥ್ಯಾಂಕ್ಸ್ ಅಂಕಲ್ ಅಂದರು. ಅಂಜಿನಯ್ಯನವರಿಗೆ ತಾವು ಅರ್ಧ ಡಾಕ್ಟರಾದೆವು ಅನ್ನಿಸಿತು. ಒಂದು ಬೆಳಿಗ್ಗೆ ಕೆನ್ನೆ ತುಂಬ ಅರಿಸಿನ ಹಚ್ಚಿಕೊಂಡ ದಪ್ಪನೆಯ ಹೆಂಗಸೊಬ್ಬರು ದೇವಸ್ಥಾನದಿಂದ ನೇರ ಕೌಂಟರಿಗೆ ಬಂದು, "ಒಂದು ಸ್ಟ್ರಾಂಗು," ಅಂದರು.

"ಸ್ಟ್ರಾಂಗ್ ಬೇಡಮ್ಮ ಈ ಸಮಯದಲ್ಲಿ. ಲೈಟಾಗಿ ಕೊಡ್ತೀನಿ. ಎಷ್ಟರಲ್ಲಿ ನಡೀತಿದೆ?"

"ಐವತ್ತೆರಡರಲ್ಲಿ," ಅಂದರು ಆಕೆ.

ಅಂಜಿನಯ್ಯನವರಿಗೆ ಅರ್ಥವಾಗುವಷ್ಟರಲ್ಲಿ ಸಾಲಿನಲ್ಲಿದ್ದವರಿಗೆಲ್ಲ ಅರ್ಥವಾಗಿತ್ತು. "ಇದು ಹೊಟ್ಟೆ ಕಣಯ್ಯಾ, ಬರೀ ಹೊಟ್ಟೆ! ನಿಮ್ ಹೋಟೆಲ್ ದೋಸೆ ತಿಂದು ಬಂದಿದ್ದು!" ಅಂತ ಆಕೆ ಚನ್ನವೀರೇಶ್ ಅವರ ಗಲ್ಲಾದವರೆಗೂ ಹೋಗಿ ಹೇಳಿದರು. ಚನ್ನವೀರೇಶ್ ಕೈ ಮುಗಿದು ಕಳಿಸಿ, ಅಂಜಿನಯ್ಯನವರ ಹತ್ತಿರ ಬಂದರು.

"ಮಾಸ್ಟ್ರೇ, ನಮ್ದು ಕಾಫಿ ಕೌಂಟರ್ರು. ಆಸ್ಪತ್ರೆ ಅಲ್ಲ."

"ಮಗು ತೂಕ ಕಮ್ಮಿ ಇದೆ ಸಾರ್," ಅಂದರು ಅಂಜಿನಯ್ಯ. ಅದೊಂದೇ ಮಾತು. ಎರಡು ವಾರದಿಂದ ಎದೆಯಲ್ಲಿದ್ದದ್ದು, ಹಬೆಯ ಮಧ್ಯೆ, ಎಲ್ಲರ ಮುಂದೆ, ಬಾಯಿಂದ ಬಂದುಬಿಟ್ಟಿತು.

ಚನ್ನವೀರೇಶ್ ಅಂಜಿನಯ್ಯನವರ ಟವಲನ್ನು ತಾವೇ ಎತ್ತಿ ಅವರ ಹೆಗಲ ಮೇಲೆ ಸರಿಯಾಗಿ ಹಾಕಿ, "ಬೆಳೆಯತ್ತೆ ಬಿಡ್ರೀ," ಅಂದು ಗಲ್ಲಾಕ್ಕೆ ಹೋದರು.

ಅಸಲಿ ಪರೀಕ್ಷೆ ಬಂದದ್ದು ಸ್ಕ್ಯಾನಿಂಗಿಗೆ ನಾಲ್ಕು ದಿನ ಇದೆ ಅನ್ನುವಾಗ, ಭಾನುವಾರ, ಉಲ್ಲಾಳದಿಂದ. ಬೀಗಿತಿ ಅಕ್ಕಯ್ಯಮ್ಮ ಬಂದಿಳಿದರು. ಉಲ್ಲಾಳದಲ್ಲಿ ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತರೂ ಮಧ್ಯದಲ್ಲಿ ಅಕ್ಕಯ್ಯಮ್ಮನವರ ಎರಡು ಹಸು ಇನ್ನೂ ಮೆಲುಕು ಹಾಕುತ್ತಿವೆ. ಆ ಹಸುಗಳ ಎರಡು ಲೀಟರ್ ಹಾಲನ್ನು ಕ್ಯಾನಿನಲ್ಲಿ ಹಿಡಿದು, ಮಗ ಭೈರೇಶನ ಕಾರಿನಲ್ಲಿ ಕೂತು ಬಂದಿದ್ದರು.

"ತಗೊಳ್ಳಿ ಬೀಗ್ರೇ, ಈಗ ಕರೆದಿದ್ದು. ನಿಮ್ ಕೈಯಾರ ಗಟ್ಟಿಯಾಗಿ ಒಂದೊಂದು ಕಾಫಿ ಮಾಡಿ. ನಂಗೂ ನನ್ ಸೊಸೆಗೂ."

ಸೊಸೆ ಅತ್ತೆಯ ಪಕ್ಕ ಕೂತು ಅಪ್ಪನ ಮುಖ ನೋಡಿದಳು. ಆ ನೋಟದಲ್ಲಿ ಆಸೆ ಎಷ್ಟು, ಭಯ ಎಷ್ಟು ಹೇಳುವುದು ಕಷ್ಟ. ಬೀಗರು ಮನೆಗೆ ಬಂದು ಬಾಯಿಬಿಟ್ಟು ಕಾಫಿ ಕೇಳಿದಾಗ ಕೊಡದೇ ಇರುವುದು ಈ ಕಡೆ ಯಾರೂ ಮಾಡದ ಕೆಲಸ. ಹೆಣ್ಣು ಕೊಟ್ಟವರಂತೂ ಖಂಡಿತ ಮಾಡುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ವರಲಕ್ಷ್ಮಿ ಕಣ್ಣಲ್ಲೇ, "ಇವತ್ತೊಂದಿನ ಕೊಟ್ಬಿಡಿ," ಅಂದರು. ಅಂಜಿನಯ್ಯನವರು ಒಳಗೆ ಹೋಗಿ ಎರಡು ಲೋಟ ತಂದರು. ಬೀಗಿತಿಗೆ ನೊರೆ ತುಂಬಿದ ಕಾಫಿ. ಮಗಳಿಗೆ ರಾಗಿ ಮಾಲ್ಟು.

ಅಕ್ಕಯ್ಯಮ್ಮ ಎರಡು ಲೋಟವನ್ನೂ ನೋಡಿದರು. "ಇದೇನಿದು? ಕಾಫಿ ಮಾಡೋನ ಮನೇಲಿ ಹೆತ್ತ ಮಗಳಿಗೆ ಕಾಫಿ ಇಲ್ವಾ? ಪುಡಿ ಮುಗೀತಾ?"

"ಪುಡಿ ಇದೆ ಅಕ್ಕಾ. ಅವಳ ಪಾಲಿಂದು ಬೆಳಿಗ್ಗೇನೇ ಆಯ್ತು. ಡಾಕ್ಟ್ರು ಅಷ್ಟೇ ಹೇಳಿರೋದು."

"ಡಾಕ್ಟ್ರು ಸಾವಿರ ಹೇಳ್ತಾರೆ. ನಾನು ದಿನಕ್ಕೆ ಆರು ಲೋಟ ಕುಡ್ಕೊಂಡೇ ನಾಲ್ಕು ಹೆತ್ತಿಲ್ವಾ? ಇವನ್ನ ನೋಡಿ, ಏನಾಗಿದೆ?" ಅಂತ ಭೈರೇಶನನ್ನು ತೋರಿಸಿದರು. ಭೈರೇಶ ಮೊಬೈಲಿನಿಂದ ತಲೆ ಎತ್ತಿ, ತನಗೇನಾಗಿದೆ ಅಂತ ತಾನೂ ಒಂದು ಸಲ ನೋಡಿಕೊಂಡ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸೋಲುತ್ತಿದ್ದರು. ಅಂಜಿನಯ್ಯನವರು ಅಡುಗೆಮನೆಗೆ ಹೋಗಿ ಫಿಲ್ಟರ್ ಹಿಡಿದುಕೊಂಡು ಬಂದು ಬೀಗಿತಿಯ ಮುಂದೆ ನೆಲದ ಮೇಲೆ ಕೂತರು.

"ಅಕ್ಕಾ, ಇದನ್ನ ನೋಡಿ. ಮೇಲೆ ಹುಯ್ದಿದ್ದು ಕೆಳಗೆ ಇಳಿಯೋದು ಯಾಕೆ? ತಳದಲ್ಲಿ ತೂತಿದೆ ಅಂತ. ನಿಮಗೂ ನನಗೂ ಒಳಗೆ ಇಂಥದ್ದೊಂದು ಇದೆ. ಕುಡಿದಿದ್ದೆಲ್ಲಾ ಇಳಿದು ಹೋಗತ್ತೆ. ಬಸುರಿಯಾದ್ರೆ ಪುಡಿ ಕಟ್ಕೊಂಡ ಹಾಗೆ, ನಿಧಾನಕ್ಕೆ ಇಳಿಯತ್ತೆ. ಆ ಮಗೂಗೆ ಇನ್ನೂ ತೂತೇ ಬಿದ್ದಿಲ್ಲ ಅಕ್ಕಾ. ಮೇಲಿಂದ ನಾನು ಪ್ರೀತಿ ಅಂತ ಹುಯ್ತಾನೇ ಇದ್ದೆ. ಅದು ಎಲ್ಲಿಗೆ ಹೋಗ್ಬೇಕು, ನೀವೇ ಹೇಳಿ?"

ಅಕ್ಕಯ್ಯಮ್ಮ ಫಿಲ್ಟರನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ತೂತುಗಳ ಮೂಲಕ ಕಿಟಕಿಯನ್ನು ನೋಡಿದರು. "ಹಿಂಗೆ ಅಂತ ಡಾಕ್ಟ್ರು ಹೇಳಿದ್ರಾ?"

"ಅವ್ರು ಇಂಗ್ಲಿಷ್ ಸೇರಿಸಿ ಹೇಳಿದ್ರು. ನಾನು ಫಿಲ್ಟರಲ್ಲಿ ಹೇಳ್ದೆ. ನಿಮಗೆ ನಾಲ್ಕೂ ಚೆನ್ನಾಗಿ ಆದ್ವು, ನಿಮ್ ಪುಣ್ಯ. ನಮಗೆ ಆರು ವರ್ಷಕ್ಕೆ ಒಂದು. ನನ್ ಕೈಯಲ್ಲಿ ಆಗೋ ತಪ್ಪನ್ನ ನಾನು ಇನ್ನೊಂದ್ ಸಲ ಮಾಡಲ್ಲ. ನೀವು ಬೇಜಾರು ಮಾಡ್ಕೊಂಡ್ರೂ ಸರಿ."

ಹೆಣ್ಣು ಕೊಟ್ಟವನು ಬೀಗಿತಿಯ ಮುಂದೆ 'ಬೇಜಾರು ಮಾಡ್ಕೊಂಡ್ರೂ ಸರಿ' ಅಂದ ಮಾತು ನಾಯಂಡಹಳ್ಳಿಯ ಆ ಬೀದಿಯಲ್ಲಿ ಹಿಂದೆ ಕೇಳಿಬಂದಿರಲಿಲ್ಲ. ಅಕ್ಕಯ್ಯಮ್ಮ ತಮ್ಮ ಲೋಟವನ್ನು ಮುಂದಕ್ಕೆ ತಳ್ಳಿದರು.

"ಹಂಗಾದ್ರೆ ನಂಗೂ ಬೇಡ. ಮಗು ಹೊತ್ಕೊಂಡಿರೋಳ ಮುಂದೆ ನಾನ್ ಹೆಂಗೆ ಕುಡೀಲಿ?"

"ಅಯ್ಯೋ, ಕುಡೀರಿ ಅಕ್ಕಾ! ಆರೋಗತ್ತೆ!" ಅಂತ ಅಂಜಿನಯ್ಯನವರು ನಿಜವಾಗಿ ಗಾಬರಿಯಾದರು. "ನಿಮ್ ಹೊಟ್ಟೇಲಿ ಯಾರೂ ಇಲ್ಲ!"

ಮೊದಲು ನಕ್ಕವಳು ಧನ್ಯಶ್ರೀ. ಆಮೇಲೆ ಅಕ್ಕಯ್ಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮೈ ಕುಲುಕಿಸಿ ನಕ್ಕರು. ನಗುತ್ತಲೇ ಕಾಫಿ ಮುಗಿಸಿದರು. ಹೊರಡುವಾಗ ಸೊಸೆಯ ತಲೆ ಸವರಿ, "ನಾಳೆಯಿಂದ ದಿನಾ ಹಾಲು ಕಳಿಸ್ತೀನಿ. ಬರೀ ಹಾಲೇ ಕುಡಿ. ನಿಮ್ಮಪ್ಪ ಹೇಳ್ದಂಗೆ ಕೇಳು ಕಣೇ," ಅಂದರು.

ಮೂರು ವಾರದ ಸ್ಕ್ಯಾನಿಂಗಿಗೆ ಮನೆಮಂದಿಯೆಲ್ಲ ಹೊರಟರು. ಡಾಕ್ಟರಮ್ಮ ರಿಪೋರ್ಟನ್ನು ಈ ಸಲ ಒಂದೇ ಸಲ ನೋಡಿದರು. "ಒಂದು ಎಂಟುನೂರ ಐವತ್ತು. ಚೆನ್ನಾಗಿ ಹಿಡ್ಕೊಂಡಿದೆ. ರಕ್ತಾನೂ ಏರಿದೆ. ಈಗ ತೆಗಿಯೋ ಮಾತೇ ಬೇಡ, ದಿನ ತುಂಬ್ಲಿ."

ಅಂಜಿನಯ್ಯನವರು ಕಣ್ಣೊರೆಸಿಕೊಂಡರು. ಒರೆಸಿಕೊಂಡಾದ ಮೇಲೆ ಹಳೇ ಜಂಬ ಸ್ವಲ್ಪ ವಾಪಸ್ಸು ಬಂತು. "ಇದರಲ್ಲಿ ನಮ್ಮಿಂದ ಆಗಿದ್ದು ಎಷ್ಟು ಪರ್ಸೆಂಟು ಇರ್ಬಹುದು ಮೇಡಂ? ಒಂದ್ ಅಂದಾಜು?"

"ಬೆಳೆದಿದ್ದು ಮಗು," ಅಂದರು ಡಾಕ್ಟರಮ್ಮ. "ನೀವು ದಾರೀಲಿ ಅಡ್ಡ ನಿಂತಿದ್ರಿ. ಪಕ್ಕಕ್ಕೆ ಸರಿದ್ರಿ. ಅದೂ ಎಲ್ಲರ ಕೈಲೂ ಆಗಲ್ಲ ಬಿಡಿ."

ಅಂಜಿನಯ್ಯನವರು ಈ ಮಾತನ್ನು ಹೊಗಳಿಕೆ ಅಂತಲೇ ಎತ್ತಿಟ್ಟುಕೊಂಡರು. ಮನೆಗೆ ಬಂದ ಮೇಲೂ ಮುಚ್ಚಳದ ಗೆರೆ ಬದಲಾಗಲಿಲ್ಲ. ದಿನಕ್ಕೆ ಒಂದು, ಲೈಟು. ಒಂಬತ್ತನೇ ತಿಂಗಳಿನಲ್ಲಿ ಧನ್ಯಶ್ರೀಯೇ ಒಂದು ದಿನ ಅರ್ಧ ಲೋಟ ಬಿಟ್ಟು, "ಸಾಕು ಅಪ್ಪಾ," ಅಂದಳು. ತಮ್ಮ ಕೈಯ ಕಾಫಿಯನ್ನು ಒಬ್ಬರು ಅರ್ಧಕ್ಕೆ ಬಿಟ್ಟದ್ದನ್ನು ನೋಡಿ ಅಂಜಿನಯ್ಯನವರಿಗೆ ಸಂತೋಷವಾಯಿತು. ಆಮೇಲೆ ಆ ಸಂತೋಷದ ಬಗ್ಗೆ ಸ್ವಲ್ಪ ನಾಚಿಕೆಯೂ ಆಯಿತು.

ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ, ಕೌಂಟರಿನ ಮುಂದೆ ಜನ ಕಿಕ್ಕಿರಿದಿದ್ದಾಗ ಭೈರೇಶನ ಫೋನ್ ಬಂತು. "ಮಾವ, ಲೇಬರ್ ವಾರ್ಡಿಗೆ ಕರ್ಕೊಂಡ್ ಹೋದ್ರು." ಅಂಜಿನಯ್ಯನವರು ಹುಯ್ಯುತ್ತಿದ್ದ ಹಾಲನ್ನು ಅರ್ಧಕ್ಕೆ ನಿಲ್ಲಿಸಿ, ಟವಲನ್ನು ಚನ್ನವೀರೇಶ್ ಕೈಗೆ ಕೊಟ್ಟು ಓಡಿದರು. ಚನ್ನವೀರೇಶ್ ತಾವೇ ಕೌಂಟರಿಗೆ ನಿಂತರು. ಯಾರೂ ಲೋಟ ಕೆಳಗಿಟ್ಟು ಹೊರಟುಹೋಗಲಿಲ್ಲ. ಮಾಸ್ಟ್ರ ಮಗಳ ಸುದ್ದಿ ಏನಾಯಿತು ಅಂತ ತಿಳಿಯಲು ಎಲ್ಲರೂ ಇನ್ನೊಂದೊಂದು ಕಾಫಿ ಹೇಳಿದರು.

ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಅಂಜಿನಯ್ಯನವರು ಹನ್ನೊಂದೂಕಾಲರವರೆಗೂ ಈ ಗೋಡೆಯಿಂದ ಆ ಗೋಡೆಗೆ ನಡೆದರು. ಬಾಗಿಲು ತೆರೆದು ನರ್ಸು ತಲೆ ಹೊರಗೆ ಹಾಕಿದ್ದೇ ತಡ, ಅವಳು ಬಾಯಿ ತೆರೆಯುವ ಮುಂಚೆಯೇ ಅಡ್ಡ ನಿಂತರು.

"ಎಷ್ಟಮ್ಮಾ?"

"ಏನು ಎಷ್ಟು?"

"ತೂಕಮ್ಮಾ, ತೂಕ!"

"ಎರಡು ಎಂಟುನೂರ ಇಪ್ಪತ್ತು. ತಾಯಿ ಮಗು ಇಬ್ರೂ ಆರಾಮಾಗಿದಾರೆ. ಆಮೇಲೆ ಅಂಕಲ್..."

ಆಮೇಲಿನದಕ್ಕೆ ಅಂಕಲ್ ಅಲ್ಲಿರಲಿಲ್ಲ. ಮೆಟ್ಟಿಲು ಇಳಿದು ಬೀದಿಗೆ ಬಂದಾಗಿತ್ತು. ಎದುರಿಗೆ ಸಿಕ್ಕ ವಾಚ್‌ಮನ್ನಿಗೆ, "ಎರಡು ಎಂಟುನೂರ ಇಪ್ಪತ್ತು!" ಅಂದರು. ಅವನು ಎದ್ದು ಸಲ್ಯೂಟ್ ಹೊಡೆದ. ಎಳನೀರಿನವಳು ಬೆಲೆ ಹೇಳುತ್ತಿದ್ದಾರೆ ಅಂದುಕೊಂಡು, "ಅದೇನ್ ಲೆಕ್ಕ ಅಣ್ಣಾ?" ಅಂದಳು. ಅಂಜಿನಯ್ಯನವರು ಹೋಟೆಲಿಗೆ ಫೋನ್ ಮಾಡಿದರು. ಚನ್ನವೀರೇಶ್ ಅದನ್ನು ಸ್ಪೀಕರಿಗೆ ಹಾಕಿ ಗಲ್ಲಾದ ಮೇಲಿಟ್ಟರು.

"ಸಾರ್! ಆಯ್ತು ಸಾರ್! ಎರಡು ಕೆ.ಜಿ. ಎಂಟುನೂರ ಇಪ್ಪತ್ತು ಗ್ರಾಂ!"

ಆ ಕಡೆಯಿಂದ ಹೋ ಅಂತ ಕೂಗು ಬಂತು. ಯಾರೋ ತಟ್ಟೆ ಬಡಿದರು. ಯಾರೋ ಆಟೋದವನು ಶಿಳ್ಳೆ ಹಾಕಿದ.

"ಭೇಷ್ ಮಾಸ್ಟ್ರೇ!" ಅಂದರು ಚನ್ನವೀರೇಶ್. "ಗಂಡೋ ಹೆಣ್ಣೋ?"

ಫೋನು ಕಿವಿಗೆ ಹಿಡಿದ ಅಂಜಿನಯ್ಯನವರ ಬಾಯಿ ತೆರೆದುಕೊಂಡೇ ಇತ್ತು.

"ಹಲೋ? ಮಾಸ್ಟ್ರೇ? ಗಂಡೋ ಹೆಣ್ಣೋ ಅಂದೆ."

"ಅದು ಕೇಳೋದು ಮರ್ತೋಯ್ತು ಸಾರ್," ಅಂದರು ಅಂಜಿನಯ್ಯ. "ಒಂದ್ ನಿಮಿಷ ಲೈನಲ್ಲೇ ಇರಿ."

ಫೋನನ್ನು ಹಾಗೇ ಹಿಡಿದುಕೊಂಡು, ಐವತ್ತೇಳು ವರ್ಷದ ಮನುಷ್ಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಇಡೀ ದರ್ಶಿನಿ ಕಾಫಿ ಹಿಡಿದುಕೊಂಡು, ಆ ಏದುಸಿರನ್ನೇ ಕೇಳುತ್ತಾ ಕಾಯಿತು. ಬಾಗಿಲು ಬಡಿದ ಸದ್ದು, ನರ್ಸಿನ ನಗು, ಅದರ ಹಿಂದೆಯೇ ತಾನೇ ಜಗತ್ತಿನ ಯಜಮಾನಿ ಅನ್ನುವ ಹಾಗೆ ಒಂದು ಗಟ್ಟಿ ಅಳು.

"ಕೇಳಿಸ್ತಾ ಸಾರ್?" ಅಂತ ಅಂಜಿನಯ್ಯ ಅಲ್ಲಿಂದ ಕೂಗಿದರು. "ಹೆಣ್ಣು! ಏನ್ ಗಂಟಲು ನೋಡಿ ಸಾರ್, ಏನ್ ಗಂಟಲು!"